ಕಡಿತಕ್ಕೂ ಚುಚ್ಚುಮದ್ದಿಗೂ ನಡುವೆ

ಭಾರತದಲ್ಲಿ 2000ರಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಮಂದಿ. ವರ್ಷಕ್ಕೆ ಸರಾಸರಿ 58 ಸಾವಿರ. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಬರೆದುಕೊಂಡ ‘ಮಿಲಿಯನ್ ಡೆತ್ ಸ್ಟಡಿ’ಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಂದಾಜು ಇದು. ಆಸ್ಪತ್ರೆಗಳ ದಾಖಲೆಯನ್ನಷ್ಟೇ ನೋಡಿದ್ದರೆ ಈ ಲೆಕ್ಕ ಸಿಗುತ್ತಿರಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಬಾಗಿಲು ಕಂಡವರೇ ಅಲ್ಲ. ಅವರಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಹದಿನೈದು ತುಂಬದ ಮಕ್ಕಳು. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ್ದು, ಹೆಚ್ಚುಕಡಿಮೆ ಎಲ್ಲವೂ ಹಳ್ಳಿಯವು.

ವಿಷಕ್ಕೆ ಮದ್ದಿಲ್ಲದೆ ಇವರು ಸತ್ತಿದ್ದಲ್ಲ. ಮದ್ದು ಬಂದು ನೂರು ವರ್ಷಗಳ ಮೇಲಾಯಿತು; ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿಯೇ ಸಿಗುತ್ತದೆ. ಹಾವು ಕಡಿದ ಗಳಿಗೆಗೂ ಚುಚ್ಚುಮದ್ದು ರಕ್ತಕ್ಕೆ ಸೇರುವ ಗಳಿಗೆಗೂ ನಡುವಿನ ಹೊತ್ತು ಹೇಗೆ ಕಳೆಯಿತು ಎಂಬುದೇ ಎಷ್ಟೋ ಸಲ ಜೀವ ಉಳಿಯುವುದನ್ನೂ ಹೋಗುವುದನ್ನೂ ತೀರ್ಮಾನಿಸುತ್ತದೆ. ಆ ಹೊತ್ತು ಹಗ್ಗ ಬಿಗಿಯುವುದರಲ್ಲಿ, ಮಂತ್ರ ಹಾಕಿಸುವುದರಲ್ಲಿ, ಹಾವನ್ನು ಹುಡುಕಿ ಹೊಡೆಯುವುದರಲ್ಲಿ ಕಳೆದುಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ದೇಶದಲ್ಲಿ ಈ ಕ್ರಮ ಕೈಗೊಂಡ ಮೊದಲ ರಾಜ್ಯ ಇದು. ಇದರಿಂದಾಗಿ ಖಾಸಗಿ ಆಸ್ಪತ್ರೆಗಳೂ ತಮ್ಮಲ್ಲಿಗೆ ಬಂದ ಪ್ರಕರಣಗಳನ್ನೂ ಸಾವುಗಳನ್ನೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ಯಾವ ತಾಲ್ಲೂಕಿನಲ್ಲಿ ಎಷ್ಟು ಕಡಿತ ಎಂದು ಗೊತ್ತಾದರೆ ಮಾತ್ರ ಅಲ್ಲಿಗೆ ಎಷ್ಟು ಔಷಧ ಕಳಿಸಬೇಕೆಂದು ತಿಳಿಯುತ್ತದೆ. ಇದಾದ ಮುಂದಿನ ತಿಂಗಳೇ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾಯೋಜನೆ ಹೊರತಂದಿತು.

ಕರ್ನಾಟಕದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ಕೇರೆ, ನೀರುಹಾವು, ತೋಳಹಾವು, ಮಣ್ಣುಮುಕ್ಕ ಇವೆಲ್ಲ ಕಚ್ಚಿದರೂ ಗಾಯವಷ್ಟೇ. ವಿಷದ ಹಾವು ಕಚ್ಚಿದಾಗಲೂ ಪ್ರತಿ ಸಲ ವಿಷ ಇಳಿಯುವುದಿಲ್ಲ. ಹಲ್ಲು ನೆಟ್ಟು ವಿಷ ಬಿಡದೆ ಹೋಗುವ ‘ಒಣ ಕಡಿತ’ಗಳೂ ಇವೆ. ನಾಟಿ ಮದ್ದಿನಿಂದ, ಮಂತ್ರದಿಂದ ಬದುಕಿದರು ಎನ್ನುವ ಕಥೆಗಳು ಪ್ರತಿ ಊರಿನಲ್ಲಿ ಹುಟ್ಟುವುದು ಈ ಎರಡು ಕಾರಣಗಳಿಂದ. ಬದುಕಿದವರು ಯಾವ ಮದ್ದೂ ಇಲ್ಲದೆಯೂ ಬದುಕುತ್ತಿದ್ದರು. ಕಡಿತದಲ್ಲಿ ನಿಜವಾಗಿ ವಿಷ ಇಳಿದವರ ಪಾಲಿಗೆ ಆ ಕಥೆಗಳನ್ನು ನಂಬಿ ಕಳೆದ ಎರಡು ಗಂಟೆ ಮತ್ತೆ ಸಿಗುವುದಿಲ್ಲ.

ಸಾವು ತರುವ ಕಡಿತಗಳಲ್ಲಿ ಹೆಚ್ಚಿನವು ನಾಲ್ಕು ಹಾವುಗಳವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ನಾಗರ ಎಲ್ಲರಿಗೂ ಗೊತ್ತಿರುವ ಹಾವು. ಹೆಡೆ ಎತ್ತಿ, ಬುಸುಗುಟ್ಟಿ, ದೂರ ಹೋಗಲು ಅವಕಾಶ ಕೊಡುತ್ತದೆ. ಕೊಳಕುಮಂಡಲ ಹಾಗಲ್ಲ. ದಪ್ಪ ಮೈ, ಬೆನ್ನಮೇಲೆ ಸರಪಳಿಯಂಥ ಕಂದು ಚುಕ್ಕೆಗಳ ಸಾಲು, ತ್ರಿಕೋನಾಕಾರದ ತಲೆ. ಒಣ ಎಲೆ, ಮಣ್ಣು, ರಾಗಿ ಕೂಳೆಯ ನಡುವೆ ಅಲ್ಲಾಡದೆ ಬಿದ್ದಿರುತ್ತದೆ. ಭತ್ತ, ರಾಗಿ, ಕಬ್ಬು, ಕಡಲೆಕಾಯಿ ಹೊಲಗಳಲ್ಲಿ ಇಲಿ ಹೆಚ್ಚಾದಂತೆ ಇದೂ ಹೆಚ್ಚುತ್ತದೆ. ಕುಯಿಲಿನ ಕಾಲದಲ್ಲಿ ಬಗ್ಗಿ ಕೈಯಾಡಿಸುವವರಿಗೆ, ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು ಬರಿಗಾಲಲ್ಲಿ ಬದುವಿನ ಮೇಲೆ ನಡೆಯುವವರಿಗೆ ಇದರ ಕಡಿತ ಹೆಚ್ಚು. ಗರಗಸಮಂಡಲ ಗಾತ್ರದಲ್ಲಿ ಸಣ್ಣದು, ಕಲ್ಲು ನೆಲದ ಒಣ ಸೀಮೆಯದು; ಕಲ್ಲು ಎತ್ತಿದಾಗ ಕೈಬೆರಳಿಗೆ ಕಚ್ಚುತ್ತದೆ. ಹೊಳೆಯುವ ಕಪ್ಪು ಮೈಮೇಲೆ ಜೋಡಿ ಜೋಡಿಯಾಗಿ ತೆಳ್ಳನೆಯ ಬಿಳಿ ಗೆರೆಗಳಿರುವ ಕಟ್ಟುಹಾವು ಹಗಲಲ್ಲಿ ಕಾಣುವುದೇ ಅಪರೂಪ. ಅದು ರಾತ್ರಿಯ ಹಾವು, ಮನೆಯೊಳಕ್ಕೂ ಬರುತ್ತದೆ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ.

ತಡೆಯುವ ಉಪಾಯಗಳು ಈ ಹಾವುಗಳ ಬದುಕಿನಿಂದಲೇ ಹೊರಡುತ್ತವೆ. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಕಟ್ಟುಹಾವಿನ ಕಡಿತ ಬಹುಮಟ್ಟಿಗೆ ತಪ್ಪುತ್ತದೆ. ಮಂಚವಿಲ್ಲದ ಮನೆಯಲ್ಲೂ ಚಾಪೆಗೆ ಪರದೆ ಕಟ್ಟಬಹುದು. ಒಂದು ಸೊಳ್ಳೆಪರದೆಯ ಬೆಲೆಗೆ ಇಷ್ಟು ರಕ್ಷಣೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಹೊಲದಲ್ಲಿ ಗಂಬೂಟು, ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚು, ಬಣವೆಯಿಂದ ಹುಲ್ಲು ಹಿರಿಯುವ ಮುನ್ನ ಕೋಲಿನಿಂದ ಒಮ್ಮೆ ತಟ್ಟುವುದು ಇಷ್ಟು ರೂಢಿಯಾಗಬೇಕು. ಸೌದೆ ರಾಶಿಯನ್ನು ಮನೆಗೋಡೆಗೆ ಒರಗಿಸಿ ಪೇರಿಸಬಾರದು. ಕಾಳುಕಡಿ ಚೆಲ್ಲದಂತೆ ಮುಚ್ಚಿಟ್ಟರೆ ಇಲಿ ಬರುವುದಿಲ್ಲ, ಇಲಿ ಬರದ ಕಡೆ ಹಾವಿಗೆ ಕೆಲಸವಿಲ್ಲ. ನಾಗರಪಂಚಮಿ ಬರುವ ಶ್ರಾವಣವೇ ಕಡಿತಗಳು ಹೆಚ್ಚುವ ಕಾಲವೂ ಹೌದು. ಹಬ್ಬದ ಹೊತ್ತಿಗೆ ಶಾಲೆಗಳಲ್ಲಿ ಈ ನಾಲ್ಕು ಮಾತು ಹೇಳಿದರೆ ಮಕ್ಕಳ ಮೂಲಕ ಮನೆಗಳಿಗೆ ತಲುಪುತ್ತದೆ.

ಕಡಿತವಾದಾಗ ಮೈಯಲ್ಲಿ ಏನಾಗುತ್ತದೆ ಎಂಬುದು ಹಾವಿನಿಂದ ಹಾವಿಗೆ ಬೇರೆ. ನಾಗರ ಮತ್ತು ಕಟ್ಟುಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಮೊದಲು ಸೋಲುವುದು ಕಣ್ಣಿನ ರೆಪ್ಪೆ. ನಿದ್ದೆ ಬಂದಂತೆ ರೆಪ್ಪೆ ಇಳಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ನಾಗರ ಕಡಿದ ಜಾಗದಲ್ಲಿ ಉರಿ, ಬಾವು ಇರುತ್ತದೆ, ಚರ್ಮ ಕಪ್ಪಾಗಿ ಕೊಳೆಯಲೂಬಹುದು. ಕಟ್ಟುಹಾವು ಕಡಿದ ಜಾಗದಲ್ಲಿ ನೋವೂ ಇಲ್ಲ, ಬಾವೂ ಇಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗದಿರಬಹುದು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಎದ್ದು, ವಾಂತಿ ಮಾಡಿ, ರೆಪ್ಪೆ ಎತ್ತಲಾರದೆ ಕೂತರೆ ಅದನ್ನು ಅಜೀರ್ಣವೆಂದು ಜೀರಿಗೆ ಕಷಾಯ ಕುಡಿಸಿ ಕಾಯಬಾರದು. ಮಳೆಗಾಲದಲ್ಲಿ ಇಂಥ ಹೊಟ್ಟೆನೋವಿಗೆ, ಗುರುತಿರಲಿ ಇಲ್ಲದಿರಲಿ, ಹಾವು ಕಡಿದಿರಬಹುದೆಂದು ಸಂಶಯಿಸಲೇಬೇಕು.

ಮಂಡಲದ ಹಾವುಗಳ ವಿಷ ಕೆಲಸ ಮಾಡುವುದು ರಕ್ತದ ಮೇಲೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಅದು ಒಮ್ಮೆಗೇ ಕೆರಳಿಸಿ ಖರ್ಚುಮಾಡಿಬಿಡುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ವಸಡಿನಿಂದ, ಹಳೆಯ ಗಾಯದಿಂದ, ಮೂತ್ರದಲ್ಲಿ ರಕ್ತ ಬರುತ್ತದೆ. ಕಡಿದ ಕಾಲು ಊದಿ ಬಾವು ಮೇಲಕ್ಕೆ ಏರುತ್ತದೆ, ನೋವು ವಿಪರೀತ. ಕೊಳಕುಮಂಡಲದ ವಿಷ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಮೂತ್ರ ಕಡಿಮೆಯಾಗುವುದು ಅದರ ಮೊದಲ ಸೂಚನೆ.

ಪ್ರಥಮ ಚಿಕಿತ್ಸೆಯಲ್ಲಿ ಮಾಡಬೇಕಾದ್ದು ಕಡಿಮೆ. ಕಡಿಸಿಕೊಂಡವರನ್ನು ಹಾವಿನಿಂದ ದೂರ ತಂದು ಕೂರಿಸಬೇಕು ಅಥವಾ ಮಲಗಿಸಬೇಕು. ನಡೆಸಬಾರದು, ಓಡಲು ಬಿಡಲೇಬಾರದು. ವಿಷ ಬಹುಪಾಲು ಸಾಗುವುದು ದುಗ್ಧರಸದ ನಾಳಗಳ ಮೂಲಕ. ಆ ನಾಳಗಳಿಗೆ ಹೃದಯದಂಥ ಪಂಪು ಇಲ್ಲ, ಸ್ನಾಯು ಅಲ್ಲಾಡಿದಾಗಲೇ ಅವುಗಳಲ್ಲಿನ ದ್ರವ ಮುಂದೆ ಹೋಗುತ್ತದೆ. ಕಡಿದ ಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಅಡಿಕೆ ದಬ್ಬೆಯೋ ಬಿದಿರಿನ ಸೀಳೋ ಹಲಗೆಯೋ ಇಟ್ಟು, ಟವೆಲಿನಿಂದ ಸಡಿಲವಾಗಿ ಕಟ್ಟಿದರೆ ಸಾಕು. ಕಟ್ಟಿನಡಿ ಬೆರಳು ಸಲೀಸಾಗಿ ತೂರುವಂತಿರಬೇಕು. ಕಡಿತ ಕೈಗಾದರೆ ಜೋಲಿಯಲ್ಲಿ ಕೈಯನ್ನು ಎದೆಗೆ ತಾಗಿಸಿ ನಿಲ್ಲಿಸಬಹುದು. ಉಂಗುರ, ಬಳೆ, ವಾಚು, ಕಾಲುಂಗುರ, ಕಾಲ್ಗೆಜ್ಜೆ, ಚಪ್ಪಲಿಗಳನ್ನು ತಕ್ಷಣ ತೆಗೆಯಬೇಕು. ಅರ್ಧ ಗಂಟೆಯಲ್ಲಿ ಬೆರಳು ಊದಿಕೊಂಡರೆ ಕಾಲುಂಗುರವೇ ಬೆರಳಿನ ರಕ್ತಸಂಚಾರ ನಿಲ್ಲಿಸುತ್ತದೆ. ಮುತ್ತೈದೆಯ ಕಾಲುಂಗುರ ತೆಗೆಯಬಾರದೆಂದು ಆಗ ಹಿಂಜರಿಯುವುದು ಬೇಡ. ಕಡಿದ ಹೊತ್ತನ್ನು ಮೊಬೈಲಿನಲ್ಲೋ ಕೈಮೇಲೋ ಬರೆದುಕೊಳ್ಳಬೇಕು. ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದರೆ, ವಿಷ ಎಷ್ಟು ಬೇಗ ಏರುತ್ತಿದೆ ಎಂದು ವೈದ್ಯರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಧೈರ್ಯ ಹೇಳುವುದು ಉಪಚಾರದ ಮಾತಷ್ಟೇ ಅಲ್ಲ. ಗಾಬರಿಯಲ್ಲಿ ಬೆವರು, ನಡುಕ, ಎದೆಬಡಿತ ಎಲ್ಲ ವಿಷ ಏರಿದಂತೆಯೇ ಕಾಣುತ್ತವೆ. ಶಾಂತವಾಗಿದ್ದವರಲ್ಲಿ ನಿಜವಾದ ಲಕ್ಷಣ ಬೇಗ ಗುರುತಿಗೆ ಸಿಗುತ್ತದೆ.

ಮಾಡಬಾರದ್ದರಲ್ಲಿ ಮೊದಲನೆಯದು ಬಿಗಿದು ಕಟ್ಟುವುದು. ಹಗ್ಗ, ಸೀರೆಯ ಅಂಚು, ಸೈಕಲ್ ಟ್ಯೂಬು ಯಾವುದರಿಂದಲೂ ಕಟ್ಟಬಾರದು. ಎಷ್ಟು ಬಿಗಿದರೂ ವಿಷ ಪೂರ್ತಿ ನಿಲ್ಲುವುದಿಲ್ಲ. ರಕ್ತವಿಲ್ಲದೆ ಕಾಲು ಮಾತ್ರ ಸಾಯುತ್ತದೆ. ನಾಗರ ಮತ್ತು ಮಂಡಲದ ವಿಷ ಒಂದೇ ಕಡೆ ನಿಂತಷ್ಟೂ ಅಲ್ಲಿನ ಮಾಂಸ ಹೆಚ್ಚು ಕೊಳೆಯುತ್ತದೆ. ಕಟ್ಟಿದ್ದೇವಲ್ಲ ಎಂಬ ನೆಮ್ಮದಿಯಲ್ಲಿ ಹೊರಡುವುದೂ ತಡವಾಗುತ್ತದೆ. ಬಿಗಿದ ಹಗ್ಗವನ್ನು ಒಮ್ಮೆಗೇ ಬಿಚ್ಚಿದಾಗ ಕೆಳಗೆ ನಿಂತಿದ್ದ ವಿಷವೆಲ್ಲ ಮೇಲೆ ನುಗ್ಗಿ ಉಸಿರು ನಿಂತ ಉದಾಹರಣೆಗಳಿವೆ. ಆದ್ದರಿಂದ ಯಾರೋ ಮೊದಲೇ ಬಿಗಿದು ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬಾರದು. ಆಸ್ಪತ್ರೆಯಲ್ಲಿ ವೈದ್ಯರು ಎಲ್ಲ ಸಿದ್ಧಮಾಡಿಕೊಂಡು ಬಿಚ್ಚಬೇಕು. ಕಾಲಿಗೆ ಉದ್ದಕ್ಕೂ ಎಲಾಸ್ಟಿಕ್ ಬ್ಯಾಂಡೇಜು ಸುತ್ತುವ ವಿಧಾನವೊಂದು ಆಸ್ಟ್ರೇಲಿಯಾದಲ್ಲಿ ರೂಢಿಯಲ್ಲಿದೆ. ಅಲ್ಲಿನ ಹಾವುಗಳು ಬೇರೆ. ಮಂಡಲಗಳ ಕಡಿತವೇ ಹೆಚ್ಚಿರುವ ನಮ್ಮಲ್ಲಿ ಅದನ್ನು ಅನುಕರಿಸುವುದು ಸಲ್ಲದು.

ಬ್ಲೇಡಿನಿಂದ ಕೊಯ್ಯುವುದು ಮಂಡಲದ ಕಡಿತದಲ್ಲಿ ನೇರವಾಗಿ ಪ್ರಾಣಕ್ಕೆ ಎರವು: ಹೆಪ್ಪುಗಟ್ಟದ ರಕ್ತಕ್ಕೆ ಬಾಗಿಲು ತೆರೆದುಕೊಟ್ಟಂತೆ. ಬಾಯಿಂದ ಹೀರುವುದು ಸಿನಿಮಾದ ಉಪಾಯ. ಒಳಗಿಳಿದ ವಿಷ ಹೀರಿದರೆ ಬರುವುದಿಲ್ಲ. ಐಸು ಇಡುವುದು, ಸುಡುವುದು, ಸುಣ್ಣ ಹಚ್ಚುವುದು, ವಿಷ ಹೀರುವ ಕಲ್ಲು ಅಂಟಿಸುವುದು, ಕೋಳಿಮರಿಯ ಗುದ ತಾಗಿಸುವುದು ಯಾವುದರಿಂದಲೂ ಪ್ರಯೋಜನವಿಲ್ಲ. ಸಾರಾಯಿ ಕುಡಿಸಬಾರದು. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು, ರಕ್ತಸ್ರಾವ ಹೆಚ್ಚುತ್ತದೆ.

ಹಾವನ್ನು ಹಿಡಿದು ತರುವ ಅಗತ್ಯವೂ ಇಲ್ಲ. ಹೊಡೆಯಲು ಹೋಗಿ ಎರಡನೆಯವರೂ ಕಡಿಸಿಕೊಳ್ಳುತ್ತಾರೆ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ವೈದ್ಯರು ಚಿಕಿತ್ಸೆ ಕೊಡುವುದು ಹಾವಿನ ಹೆಸರು ಕೇಳಿ ಅಲ್ಲ, ರೋಗಿಯ ಲಕ್ಷಣ ನೋಡಿ. ದೂರದಿಂದ ಒಂದು ಫೋಟೊ ಸಿಕ್ಕರೆ ಒಳ್ಳೆಯದು, ಅದಕ್ಕಾಗಿ ಒಂದು ನಿಮಿಷವನ್ನೂ ಕಳೆಯಬಾರದು. ವಿಷವಿಲ್ಲದ ತೋಳಹಾವನ್ನೂ ಕಟ್ಟುಹಾವನ್ನೂ ಬಲ್ಲವರೇ ಅದಲುಬದಲು ಮಾಡಿಕೊಳ್ಳುತ್ತಾರೆ.

ಸಾಗಿಸಲು 108ಕ್ಕೆ ಕರೆ ಮಾಡಬೇಕು. 2008ರ ನವೆಂಬರ್‌ನಿಂದ ರಾಜ್ಯದಲ್ಲಿರುವ ‘ಆರೋಗ್ಯ ಕವಚ’ ಆಂಬುಲೆನ್ಸ್ ಸೇವೆಯ ಸಂಖ್ಯೆ ಇದು. ಆಂಬುಲೆನ್ಸ್ ದೂರವಿದೆ ಎಂದಾದರೆ ಕಾಯುತ್ತ ಕೂರದೆ ಸಿಕ್ಕ ವಾಹನದಲ್ಲಿ ಹೊರಡಬೇಕು. ಕಾರು, ಆಟೊ ಇಲ್ಲದಿದ್ದರೆ ಬೈಕೂ ಆದೀತು: ಓಡಿಸುವವರೊಬ್ಬರು, ನಡುವೆ ರೋಗಿ, ಹಿಂದೆ ಹಿಡಿದುಕೊಂಡು ಕೂರುವವರೊಬ್ಬರು. ವಾಂತಿ, ತೂಕಡಿಕೆ ಕಂಡರೆ ಎಡಮಗ್ಗುಲಿಗೆ ಮಲಗಿಸಿಯೇ ಸಾಗಿಸಬೇಕು. ಬಾಯಿಗೆ ನೀರೂ ಹಾಕಬಾರದು, ನುಂಗಲಾರದವರ ಶ್ವಾಸಕೋಶಕ್ಕೆ ಅದು ಹೋಗುತ್ತದೆ. ದಾರಿಯುದ್ದಕ್ಕೂ ಮಾತನಾಡಿಸುತ್ತಿರಬೇಕು. ಮೇಲೆ ನೋಡಲು ಹೇಳಿದಾಗ ರೆಪ್ಪೆ ಏಳುತ್ತದೆಯೇ, ಒಂದೇ ಉಸಿರಿಗೆ ಮೊದಲಿನಷ್ಟೇ ಎಣಿಸುತ್ತಾರೆಯೇ ಎಂದು ಆಗಾಗ ನೋಡಿದರೆ ನರಗಳ ಸ್ಥಿತಿ ತಿಳಿಯುತ್ತದೆ. ಇಪ್ಪತ್ತು ಎಣಿಸುತ್ತಿದ್ದವರು ಹತ್ತಕ್ಕೆ ಇಳಿದರೆ ಉಸಿರಾಟ ಸೋಲುತ್ತಿದೆ ಎಂದೇ ಅರ್ಥ.

ಎಲ್ಲಿಗೆ ಹೋಗಬೇಕು ಎಂಬುದನ್ನು ಹಾವು ಕಡಿಯುವ ಮೊದಲೇ ತಿಳಿದಿಟ್ಟುಕೊಳ್ಳಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು ಇದೆಯೇ, ರಾತ್ರಿ ವೈದ್ಯರು ಇರುತ್ತಾರೆಯೇ, ತಾಲ್ಲೂಕು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಇದೆಯೇ ಎಂದು ಆಶಾ ಕಾರ್ಯಕರ್ತೆಯರನ್ನು ಜೂನ್‌ನಲ್ಲೇ ವಿಚಾರಿಸಿಕೊಂಡರೆ ರಾತ್ರಿ ಹನ್ನೆರಡಕ್ಕೆ ಮೂರು ಆಸ್ಪತ್ರೆ ಸುತ್ತುವುದು ತಪ್ಪುತ್ತದೆ. ಹೊರಡುವಾಗಲೇ ಫೋನ್ ಮಾಡಿ ತಿಳಿಸಿದರೆ ಅಲ್ಲಿನವರು ಸಿದ್ಧರಾಗಿರುತ್ತಾರೆ.

ಆಸ್ಪತ್ರೆಯ ಮೊದಲ ಪರೀಕ್ಷೆ ತೀರ ಸರಳ. ಎರಡು ಮಿಲಿಲೀಟರಿನಷ್ಟು ರಕ್ತವನ್ನು ಹೊಸ, ಒಣಗಿದ ಗಾಜಿನ ನಳಿಕೆಗೆ ಹಾಕಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಬಿಡುತ್ತಾರೆ. ಬಳಿಕ ನಳಿಕೆಯನ್ನು ಒಮ್ಮೆ ಬಾಗಿಸುತ್ತಾರೆ. ರಕ್ತ ಗಟ್ಟಿಯಾಗಿ ತಳಕ್ಕೆ ಅಂಟಿದ್ದರೆ ಸದ್ಯಕ್ಕೆ ಭಯವಿಲ್ಲ; ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಶುರುಮಾಡಿದೆ. ನಳಿಕೆಯನ್ನು ಸೋಪುಪುಡಿಯಿಂದ ತೊಳೆದಿದ್ದರೆ ಪರೀಕ್ಷೆ ಕೆಡುತ್ತದೆ, ಪ್ಲಾಸ್ಟಿಕ್ ನಳಿಕೆಯಲ್ಲೂ ಆಗದು. ಯಂತ್ರ, ವಿದ್ಯುತ್ ಏನೂ ಬೇಡದ ಈ ಪರೀಕ್ಷೆ ಅತಿ ಸಣ್ಣ ಆರೋಗ್ಯ ಕೇಂದ್ರದಲ್ಲೂ ಸಾಧ್ಯ. ಮೊದಲ ಸಲ ಗಟ್ಟಿಯಾದರೂ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ, ಲಕ್ಷಣ ತಡವಾಗಿ ಬರುವುದುಂಟು. ಏನೂ ಆಗಿಲ್ಲ ಎನಿಸಿದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವುದು ಇದಕ್ಕಾಗಿ.

ಲಕ್ಷಣ ಕಂಡರೆ ಪ್ರತಿವಿಷ. ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ರೂಪಿಸಿದ ವಿಧಾನವೇ ಇಂದಿಗೂ ಇದರ ಬುನಾದಿ. ಕುದುರೆಗೆ ವಿಷವನ್ನು ಸಣ್ಣ ಪ್ರಮಾಣದಿಂದ ಏರಿಸುತ್ತ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಪುಡಿಮಾಡಿ ಸೀಸೆಗೆ ತುಂಬುತ್ತಾರೆ. ಭಾರತದಲ್ಲಿ ತಯಾರಾಗುವ ಪ್ರತಿವಿಷಕ್ಕೆ ಬೇಕಾದ ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಸಮುದಾಯದವರು 1978ರಲ್ಲಿ ಕಟ್ಟಿಕೊಂಡ ಈ ಸಂಘ ವಿಷ ತೆಗೆದ ಮೇಲೆ ಹಾವನ್ನು ಮತ್ತೆ ಕಾಡಿಗೆ ಬಿಡುತ್ತದೆ. ಒಂದು ಮಿಲಿಲೀಟರ್ ಪ್ರತಿವಿಷ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಟಸ್ಥಗೊಳಿಸುತ್ತದೆ. ಈ ಹಾವು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ಮೊದಲ ಡೋಸು ಸಾಮಾನ್ಯವಾಗಿ ಎಂಟರಿಂದ ಹತ್ತು ಸೀಸೆ ಯಾಕೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ. ಮಕ್ಕಳಿಗೂ ಇಷ್ಟೇ ಕೊಡಬೇಕು, ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲವಲ್ಲ. ಗರ್ಭಿಣಿಯರಿಗೂ ಅದೇ ಪ್ರಮಾಣ. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೆ ಮೈಯೆಲ್ಲ ದದ್ದು, ಉಬ್ಬಸ, ರಕ್ತದೊತ್ತಡ ಕುಸಿತ ಆಗಬಹುದು. ಅಡ್ರಿನಲಿನ್ ಚುಚ್ಚುಮದ್ದು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಕೊಡಬೇಕಾದ್ದರಿಂದ ಮನೆಯಲ್ಲಿ ಕೊಡುವ ಮದ್ದಲ್ಲ.

ಪ್ರತಿವಿಷಕ್ಕೂ ಮಿತಿಗಳಿವೆ. ಅದು ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಿಹೋದ ಹಾನಿಯನ್ನು ತಿದ್ದುವುದಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ; ಅದು ಮತ್ತೆ ಬೆಳೆಯುವವರೆಗೆ ರೋಗಿಗೆ ಯಂತ್ರದಿಂದ ಉಸಿರು ಕೊಡಬೇಕು, ಕೆಲವೊಮ್ಮೆ ದಿನಗಟ್ಟಲೆ. ಈ ಸ್ಥಿತಿಯಲ್ಲಿ ರೋಗಿಯ ರೆಪ್ಪೆ, ಕೈಕಾಲು ಏನೂ ಅಲುಗುವುದಿಲ್ಲ, ಕಣ್ಣಪಾಪೆಯೂ ಬೆಳಕಿಗೆ ಕುಗ್ಗದಿರಬಹುದು. ನೋಡಿದವರಿಗೆ ಜೀವ ಹೋದಂತೆಯೇ ಕಾಣುತ್ತದೆ. ಆದರೆ ಪ್ರಜ್ಞೆ ಇರುತ್ತದೆ, ಸುತ್ತಲಿನ ಮಾತು ಕೇಳಿಸುತ್ತಿರುತ್ತದೆ. ಹೀಗಿದ್ದವರು ಎದ್ದು ನಡೆದು ಮನೆಗೆ ಹೋಗುತ್ತಾರೆ. ವೆಂಟಿಲೇಟರ್ ಇಲ್ಲದ ಕಡೆ ಕೈಯಿಂದ ಒತ್ತುವ ಆಂಬು ಬ್ಯಾಗ್ ಹಿಡಿದು ದೊಡ್ಡ ಆಸ್ಪತ್ರೆಯವರೆಗೂ ಉಸಿರು ಕೊಟ್ಟುಕೊಂಡು ಹೋದರೆ ಅಷ್ಟೇ ಸಾಕಾಗುತ್ತದೆ. ನಾಗರ ಕಡಿತದಲ್ಲಿ ಪ್ರತಿವಿಷದ ಜೊತೆ ನಿಯೋಸ್ಟಿಗ್ಮಿನ್ ಕೊಟ್ಟಾಗ ಇಳಿದ ರೆಪ್ಪೆ ಸ್ವಲ್ಪ ಹೊತ್ತಿಗೇ ಏಳುವುದೂ ಉಂಟು.

ಇನ್ನೊಂದು ಮಿತಿ ಮಲೆನಾಡಿನವರಿಗೆ ಸಂಬಂಧಪಟ್ಟದ್ದು. ಈ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷದಿಂದ ಮಾತ್ರ. ಪಶ್ಚಿಮಘಟ್ಟದ ಕಾಫಿ, ಅಡಿಕೆ ತೋಟಗಳಲ್ಲಿ ಕಚ್ಚುವ ಮೂಗುಗೂನಿನ ಮಂಡಲಕ್ಕಾಗಲಿ, ಆಗುಂಬೆಯ ಕಾಡಿನ ಕಾಳಿಂಗ ಸರ್ಪಕ್ಕಾಗಲಿ ಅದು ಹೊಂದುವುದಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಆಯಾ ಪ್ರದೇಶಕ್ಕೆ ತಕ್ಕ ಪ್ರತಿವಿಷ ಬೇಕು ಎನ್ನುವ ಒತ್ತಾಯಕ್ಕೆ ಇದೇ ಆಧಾರ. ಮೂಗುಗೂನಿನ ಮಂಡಲದ ಕಡಿತಕ್ಕೆ ಸದ್ಯ ಇರುವುದು ಮೂತ್ರಪಿಂಡ ಮತ್ತು ರಕ್ತದ ಮೇಲೆ ಕಣ್ಣಿಟ್ಟು, ಬೇಕಾದರೆ ಡಯಾಲಿಸಿಸ್ ಮಾಡಿ ಕಾಯುವ ಚಿಕಿತ್ಸೆ. ಅದಕ್ಕೂ ಆಸ್ಪತ್ರೆಯೇ ಬೇಕು.

ಮನೆಗೆ ಮರಳಿದ ಮೇಲೂ ಕೆಲವನ್ನು ಗಮನಿಸಬೇಕಾಗುತ್ತದೆ. ಪ್ರತಿವಿಷ ಪಡೆದ ಒಂದೆರಡು ವಾರಗಳಲ್ಲಿ ಜ್ವರ, ಕೀಲುನೋವು, ತುರಿಕೆಯ ದದ್ದು ಕಾಣಿಸಿಕೊಂಡರೆ ಅದು ಕುದುರೆಯ ಪ್ರೋಟೀನಿಗೆ ದೇಹ ತಡವಾಗಿ ತೋರುವ ಪ್ರತಿಕ್ರಿಯೆ. ವೈದ್ಯರು ಮಾತ್ರೆ ಕೊಟ್ಟರೆ ಇಳಿಯುತ್ತದೆ. ಕೊಳಕುಮಂಡಲ ಕಡಿದವರು ಮೂತ್ರದ ಪ್ರಮಾಣ ನೋಡಿಕೊಳ್ಳುತ್ತ, ವೈದ್ಯರು ಹೇಳಿದ ದಿನ ಮೂತ್ರಪಿಂಡದ ಪರೀಕ್ಷೆಗೆ ಹೋಗಲೇಬೇಕು. ಕಪ್ಪಾದ ಚರ್ಮಕ್ಕೆ ಸೊಪ್ಪಿನ ರಸ ಹಾಕದೆ ಡ್ರೆಸ್ಸಿಂಗ್ ಮಾಡಿಸಬೇಕು. ಬಿಡುಗಡೆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡರೆ ಮುಂದೆ ಇನ್ನೊಮ್ಮೆ ಪ್ರತಿವಿಷ ಬೇಕಾದಾಗ, ಹಿಂದಿನ ಸಲ ಎಷ್ಟು ಸೀಸೆ ಕೊಟ್ಟರು, ಮೈಗೆ ಒಗ್ಗಿತೇ ಇಲ್ಲವೇ ಎಂಬುದು ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ.